ಗುಟ್ಟಿನ ಗಣಿತಕ್ಕೆ ಸುಂಕ

2000ನೇ ಇಸವಿಯ ಆಗಸ್ಟ್ 1ರಂದು ಅಮೆರಿಕದ ಪೇಟೆಂಟ್ ಕಚೇರಿ ವಿಲಿಯಂ ಫ್ರೀಡ್‌ಮನ್ ಹೆಸರಿಗೆ ಒಂದು ಪೇಟೆಂಟ್ ಮಂಜೂರು ಮಾಡಿತು. ಸಂದೇಶವನ್ನು ಗೂಢಲಿಪಿಗೆ ತಿರುಗಿಸುವ ಯಂತ್ರ ಅದು. ಅರ್ಜಿ ಹಾಕಿದ್ದು 1933ರ ಜುಲೈನಲ್ಲಿ. ಮಂಜೂರಾಗುವಷ್ಟರಲ್ಲಿ ಅರ್ಜಿದಾರರು ತೀರಿಕೊಂಡೇ ಮೂವತ್ತು ವರ್ಷ ದಾಟಿತ್ತು. ಸರ್ಕಾರಿ ಕಡತ ಯಾವ ದೇಶದಲ್ಲಾದರೂ ಆಮೆಯೇ ಎಂದು ನಗುವಂತಿಲ್ಲ, ಏಕೆಂದರೆ ಇಲ್ಲಿ ಅದನ್ನು ಬೇಕೆಂದೇ ಹಿಡಿದಿಡಲಾಗಿತ್ತು. ಫ್ರೀಡ್‌ಮನ್ ಅಮೆರಿಕದ ಸೇನೆಗೆ ಗೂಢಲಿಪಿ ಕಟ್ಟಿಕೊಟ್ಟವರು, ಒಡೆದುಕೊಟ್ಟವರು. ಅವರ ಯಂತ್ರದ ಒಳಗುಟ್ಟು ಪೇಟೆಂಟ್ ದಾಖಲೆಯಾಗಿ ಅಚ್ಚಾದರೆ ಶತ್ರುವೂ ಓದುತ್ತಾನೆ.

ಅದಾದ ಐದು ವಾರಕ್ಕೆ, ಸೆಪ್ಟೆಂಬರ್ 6ರಂದು, ಅದೇ ದೇಶದ ಆರ್‌ಎಸ್‌ಎ ಸೆಕ್ಯುರಿಟಿ ಎಂಬ ಕಂಪನಿ ತನ್ನ ಬಳಿಯಿದ್ದ ಬಲು ಬೆಲೆಬಾಳುವ ಹಕ್ಕನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ದೊಡ್ಡ ತ್ಯಾಗವೇನಲ್ಲ. ಹೇಗೂ ಇನ್ನೆರಡು ವಾರದಲ್ಲಿ, ಸೆಪ್ಟೆಂಬರ್ 20ಕ್ಕೆ, ಆ ಪೇಟೆಂಟ್‌ನ ಅವಧಿ ಮುಗಿಯುವುದಿತ್ತು. ಇಂಟರ್‌ನೆಟ್ ವ್ಯಾಪಾರ ಯಾವ ಗಣಿತದ ಮೇಲೆ ನಿಂತಿತ್ತೋ ಆ ಗಣಿತದ ಅಮೆರಿಕದ ಹಕ್ಕು ಹದಿನೇಳು ವರ್ಷ ಒಂದೇ ಮನೆಯ ತಿಜೋರಿಯಲ್ಲಿತ್ತು.

ಪೇಟೆಂಟ್ ಎಂದರೆ ಒಂದು ವಿನಿಮಯ: ನಿನ್ನ ವಿದ್ಯೆಯನ್ನು ಬಿಚ್ಚಿಡು, ಬದಲಿಗೆ ಕೆಲವು ವರ್ಷದ ಏಕಸ್ವಾಮ್ಯ ತೆಗೆದುಕೋ. ಗೂಢಲಿಪಿಯ ಕಸುಬಿಗೆ ಬಿಚ್ಚಿಡುವುದೇ ಒಗ್ಗದ ಮಾತಾಗಿತ್ತು. ಇನ್ನೊಂದು ತೊಡಕೂ ಇದೆ. ಕಳಿಸುವವರು, ಪಡೆಯುವವರು ಇಬ್ಬರ ಬಳಿಯೂ ಒಂದೇ ವಿಧಾನ ಇದ್ದರಷ್ಟೇ ಎನ್‌ಕ್ರಿಪ್ಷನ್ ಕೆಲಸಕ್ಕೆ ಬರುತ್ತದೆ. ಹೆಚ್ಚು ಜನ ಬಳಸಿದಷ್ಟೂ ಅದರ ಬೆಲೆ ಏರುತ್ತದೆ. ಪೇಟೆಂಟ್ ಇರುವುದೋ ಬಳಕೆಗೆ ಕಡಿವಾಣ ಹಾಕಲು. ಈ ಎಳೆದಾಟದ ಚರಿತ್ರೆಯನ್ನು ಮೊದಲಿನಿಂದ ನೋಡಿದರೆ ಒಂದು ಸಂಗತಿ ಕಾಣುತ್ತದೆ. ಪೇಟೆಂಟ್‌ಗಳು ಹೊಸ ಗೂಢಲಿಪಿಗಳ ಹುಟ್ಟನ್ನು ತಡೆಯಲಿಲ್ಲ, ಹುಟ್ಟಿಗೆ ಅವೇ ಕಾರಣ ಎನ್ನುವುದಕ್ಕೂ ಆಧಾರ ಕಡಿಮೆ. ಆದರೆ ಹುಟ್ಟಿದವುಗಳಲ್ಲಿ ಯಾವುದು ನಮ್ಮ ಫೋನಿನೊಳಗೆ ಬಂದಿತು, ಯಾವುದು ಪಠ್ಯಪುಸ್ತಕದಲ್ಲೇ ಉಳಿಯಿತು ಎಂಬುದನ್ನು ಮಾತ್ರ ಬಹುಪಾಲು ಅವೇ ತೀರ್ಮಾನಿಸಿದವು. ಟೋಲ್ ತಪ್ಪಿಸಲು ಹಳ್ಳಿ ರಸ್ತೆ ಹಿಡಿಯುವ ಲಾರಿಗಳಂತೆ ತಂತ್ರಜ್ಞರು ಸುತ್ತು ದಾರಿ ಹಿಡಿದರು. ಕಾಲ ಕಳೆದಂತೆ ಆ ಸುತ್ತು ದಾರಿಗಳೇ ಹೆದ್ದಾರಿಗಳಾದವು.

ಗೂಢಲಿಪಿ ಯಂತ್ರವಾಗಿದ್ದಾಗ ತಕರಾರು ಕಡಿಮೆ. ಜರ್ಮನಿಯ ಆರ್ಥರ್ ಶೆರ್ಬಿಯಸ್ 1918ರಲ್ಲಿ ಎನಿಗ್ಮಾ ಯಂತ್ರಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಟೆಲಿಗ್ರಾಫ್ ಸಂದೇಶವನ್ನು ಇನ್ನೊಂದು ಕಾಗದದ ಪಟ್ಟಿಯ ಜೊತೆ ಬೆರೆಸುವ ಗಿಲ್ಬರ್ಟ್ ವರ್ನಮ್ ಅವರ ಉಪಾಯಕ್ಕೆ 1919ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಗಾಲಿ, ತಂತಿ, ರಿಲೇ ಇರುವ ವಸ್ತುವಿಗೆ ಪೇಟೆಂಟ್ ಕೊಡಬಹುದೇ ಎಂದು ಯಾರೂ ಕೇಳಲಿಲ್ಲ. 1970ರ ದಶಕದಲ್ಲಿ ಐಬಿಎಂ ಕಂಪನಿ ರೂಪಿಸಿದ ಡಿಇಎಸ್ ವಿಧಾನಕ್ಕೂ ಪೇಟೆಂಟ್ ಇತ್ತು. ಆದರೆ 1977ರಲ್ಲಿ ಅಮೆರಿಕ ಸರ್ಕಾರ ಅದನ್ನು ರಾಷ್ಟ್ರೀಯ ಮಾನಕ ಮಾಡಿದಾಗ ಐಬಿಎಂ ರಾಯಲ್ಟಿ ಕೇಳಲಿಲ್ಲ. ಬ್ಯಾಂಕುಗಳು ಅದನ್ನು ಕಣ್ಣುಮುಚ್ಚಿ ಬಳಸಲು ಇದೂ ಒಂದು ಕಾರಣ.

ಕತೆ ಬಿಗಿಯಾಗುವುದು ಗೂಢಲಿಪಿ ಬರೀ ಗಣಿತವಾದಾಗ. 1976ರ ನವೆಂಬರ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಸಾರ್ವಜನಿಕ ಕೀಲಿಯ ಕಲ್ಪನೆಯನ್ನು ಪ್ರಕಟಿಸಿದರು: ಮೊದಲೇ ಭೇಟಿಯಾಗದ ಇಬ್ಬರು ಎಲ್ಲರೂ ಕೇಳಿಸಿಕೊಳ್ಳುತ್ತಿರುವ ತಂತಿಯಲ್ಲೇ ಮಾತಾಡಿ ಒಂದು ಗುಟ್ಟಿಗೆ ಒಪ್ಪಿಕೊಳ್ಳಬಹುದು. ಮರುವರ್ಷ ಎಂಐಟಿಯ ರೊನಾಲ್ಡ್ ರಿವೆಸ್ಟ್, ಆದಿ ಶಮೀರ್, ಲಿಯೊನಾರ್ಡ್ ಏಡಲ್‌ಮನ್ ಸೇರಿ ಅದಕ್ಕೊಂದು ಪೂರ್ಣರೂಪ ಕೊಟ್ಟರು. ಮೂವರ ಹೆಸರಿನ ಮೊದಲಕ್ಷರ ಸೇರಿ ಆರ್‌ಎಸ್‌ಎ ಆಯಿತು.

ಈ ವಿಧಾನದ ಹೂರಣ ಎಷ್ಟು ಸರಳ ಎಂಬುದನ್ನು ಒಂದು ಚಿಕ್ಕ ಲೆಕ್ಕದಲ್ಲೇ ತೋರಿಸಬಹುದು. 3 ಮತ್ತು 11 ಎಂಬ ಎರಡು ಅವಿಭಾಜ್ಯ ಸಂಖ್ಯೆ ತೆಗೆದುಕೊಂಡು ಗುಣಿಸಿದರೆ 33. ಊರಿಗೆಲ್ಲ ಸಾರುವ ಕೀಲಿ: 33 ಮತ್ತು 3. ನಾವೇ ಇಟ್ಟುಕೊಳ್ಳುವ ಕೀಲಿ: 7. ಯಾರಾದರೂ ನಮಗೆ 4 ಎಂಬ ಅಂಕಿಯನ್ನು ಗುಟ್ಟಾಗಿ ಕಳಿಸಬೇಕೆಂದರೆ ಅದನ್ನು ಮೂರು ಸಲ ಇಟ್ಟು ಗುಣಿಸುತ್ತಾರೆ (4×4×4), 64; ಅದನ್ನು 33ರಿಂದ ಭಾಗಿಸಿ ಉಳಿದ ಶೇಷ 31ನ್ನು ಕಳಿಸುತ್ತಾರೆ. ನಾವು ಆ 31ನ್ನು ಹಾಗೆಯೇ ಏಳು ಸಲ ಇಟ್ಟು ಗುಣಿಸಿ, 33ರಿಂದ ಭಾಗಿಸಿ, ಶೇಷ ನೋಡಿದರೆ ಮತ್ತೆ 4. ನಡುವೆ 31ನ್ನು ಕದ್ದು ಕೇಳಿಸಿಕೊಂಡವನಿಗೆ 7 ಬೇಕಾದರೆ 33ನ್ನು 3 ಮತ್ತು 11 ಆಗಿ ಒಡೆಯಬೇಕು. 33ನ್ನು ಮಕ್ಕಳೂ ಒಡೆದಾರು. ಆರುನೂರು ಅಂಕಿಗಳ ಸಂಖ್ಯೆಯನ್ನು ಇಂದಿನ ಯಾವ ಕಂಪ್ಯೂಟರೂ ಒಡೆಯಲಾರದು.

ಇದು ಗುಣಾಕಾರ, ಭಾಗಾಕಾರ. ಇದಕ್ಕೆ ಮಾಲೀಕರಿರಬಹುದೇ? ಬರೀ ಅಲ್ಗಾರಿದಮ್‌ಗೆ ಪೇಟೆಂಟ್ ಇಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1972ರಲ್ಲೇ ಗಾಟ್‌ಶಾಕ್-ಬೆನ್ಸನ್ ಪ್ರಕರಣದಲ್ಲಿ ಹೇಳಿಯಾಗಿತ್ತು. ಎಂಐಟಿಯ ವಕೀಲರು ಲೆಕ್ಕಕ್ಕೆ ಹಕ್ಕು ಕೇಳಲಿಲ್ಲ. ಸಂದೇಶವನ್ನು ಸಂಕೇತಿಸುವ ಸಾಧನ, ಅದನ್ನು ಸಾಗಿಸುವ ಮಾರ್ಗ, ಬಿಡಿಸುವ ಸಾಧನ ಇವೆಲ್ಲ ಇರುವ ‘ಸಂಪರ್ಕ ವ್ಯವಸ್ಥೆ’ಗೆ ಹಕ್ಕು ಕೇಳಿದರು. ಗಣಿತಕ್ಕೆ ಯಂತ್ರದ ಅಂಗಿ ತೊಡಿಸಿದ ಅರ್ಜಿ 1977ರ ಡಿಸೆಂಬರ್ 14ರಂದು ಸಲ್ಲಿಕೆಯಾಗಿ, ಹೆಚ್ಚುಕಡಿಮೆ ಆರು ವರ್ಷ ಕಾದು, 1983ರ ಸೆಪ್ಟೆಂಬರ್ 20ರಂದು ಮಂಜೂರಾಯಿತು.

ಅಷ್ಟರಲ್ಲಿ ಒಂದು ಎಡವಟ್ಟು ಆಗಿಹೋಗಿತ್ತು. 1977ರ ಆಗಸ್ಟ್‌ನಲ್ಲೇ ಮಾರ್ಟಿನ್ ಗಾರ್ಡ್ನರ್ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ತಮ್ಮ ಗಣಿತ ಅಂಕಣದಲ್ಲಿ ಈ ವಿಧಾನವನ್ನು ಲೋಕಕ್ಕೆಲ್ಲ ವಿವರಿಸಿಬಿಟ್ಟಿದ್ದರು. ಪ್ರಕಟವಾದ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಸಾಕೆಂಬ ವಿನಾಯಿತಿ ಅಮೆರಿಕದಲ್ಲಿತ್ತು. ಯುರೋಪ್, ಜಪಾನ್‌ಗಳಲ್ಲಿ ಮೊದಲು ಅರ್ಜಿ, ಆಮೇಲೆ ಪ್ರಕಟಣೆ. ಹೀಗಾಗಿ ಆರ್‌ಎಸ್‌ಎಗೆ ಅಮೆರಿಕದ ಗಡಿಯಾಚೆ ಪೇಟೆಂಟ್ ಸಿಗಲೇ ಇಲ್ಲ. ಮುಂದಿನ ಹಲವು ವಿಚಿತ್ರಗಳಿಗೆ ಮೂಲ ಇದೇ: ಒಂದೇ ಲೆಕ್ಕವನ್ನು ನಾರ್ವೆಯಲ್ಲೋ ಭಾರತದಲ್ಲೋ ಮಾಡಿದರೆ ಸುಂಕವಿಲ್ಲ, ನ್ಯೂಯಾರ್ಕಿನಲ್ಲಿ ಮಾಡಿದರೆ ಇದೆ.

ಇನ್ನೂ ಒಂದು ವಿಪರ್ಯಾಸ ಇಪ್ಪತ್ತು ವರ್ಷ ಬೆಳಕಿಗೇ ಬರಲಿಲ್ಲ. ಬ್ರಿಟನ್ನಿನ ಗೂಢಚರ್ಯೆ ಸಂಸ್ಥೆ ಜಿಸಿಎಚ್‌ಕ್ಯುನಲ್ಲಿ ಕ್ಲಿಫರ್ಡ್ ಕಾಕ್ಸ್ ಎಂಬ ಯುವ ಗಣಿತಜ್ಞ 1973ರಲ್ಲೇ ಇದೇ ವಿಧಾನ ಕಂಡುಹಿಡಿದಿದ್ದರು. ಸಂಸ್ಥೆ ಅದನ್ನು ರಹಸ್ಯ ಕಡತದಲ್ಲಿಟ್ಟಿತು. ಜಗತ್ತಿಗೆ ತಿಳಿದದ್ದು 1997ರ ಡಿಸೆಂಬರ್‌ನಲ್ಲಿ. ಮೊದಲು ಕಂಡವರಿಗೆ ಪೇಟೆಂಟೂ ಇಲ್ಲ, ಹಣವೂ ಇಲ್ಲ. ಪೇಟೆಂಟ್ ಪದ್ಧತಿಯ ಪರ ವಾದಿಸುವವರು ಈ ಉದಾಹರಣೆ ತೆಗೆಯುವುದುಂಟು, ಮತ್ತು ಅದರಲ್ಲಿ ಹುರುಳಿದೆ: ಬಿಚ್ಚಿಟ್ಟವರಿಗೆ ಪ್ರತಿಫಲ ಇದ್ದುದರಿಂದಲೇ ಅಮೆರಿಕದ ಆವೃತ್ತಿ ಕಪಾಟಿನಿಂದ ಹೊರಬಂದು ಕಂಪನಿಯಾಯಿತು ಎನ್ನಲು ಅಡ್ಡಿಯಿಲ್ಲ.

ಆ ಕಂಪನಿ, ಆರ್‌ಎಸ್‌ಎ ಡೇಟಾ ಸೆಕ್ಯುರಿಟಿ, 1982ರಲ್ಲಿ ಹುಟ್ಟಿತು. ಎಂಐಟಿಯಿಂದ ಏಕಮಾತ್ರ ಲೈಸೆನ್ಸ್ ಪಡೆಯಿತು. ಮೊದಲ ವರ್ಷಗಳಲ್ಲಿ ಕೊಳ್ಳುವವರೇ ಇರಲಿಲ್ಲ. 1986ರಲ್ಲಿ ಜಿಮ್ ಬಿಡ್ಜೋಸ್ ಎಂಬ ಚತುರ ವ್ಯಾಪಾರಿ ಬಂದ ಮೇಲೆ ದಿಕ್ಕು ಬದಲಾಯಿತು. ಲೋಟಸ್ ನೋಟ್ಸ್ ಮೊದಲ ದೊಡ್ಡ ಗಿರಾಕಿಗಳಲ್ಲೊಂದು. ಆಮೇಲೆ ನಾವೆಲ್, ಮೈಕ್ರೋಸಾಫ್ಟ್, ಆ್ಯಪಲ್ ಬಂದವು. ಕಂಪನಿ ಬರೀ ಹಕ್ಕುಪತ್ರ ಮಾರಲಿಲ್ಲ. ಬಿಸೇಫ್ ಎಂಬ ಸಿದ್ಧ ಕೋಡ್ ಸಂಗ್ರಹವನ್ನೂ ಜೊತೆಗೆ ಕೊಟ್ಟಿತು. ಗೂಢಲಿಪಿಯ ಕೋಡನ್ನು ತಪ್ಪಿಲ್ಲದೆ ಬರೆಯುವುದು ಕಷ್ಟ ಎಂದು ಬಲ್ಲವರಿಗೆ ಅದು ಕೊಟ್ಟ ಹಣಕ್ಕೆ ತಕ್ಕ ಸರಕೇ ಆಗಿತ್ತು.

1990ರಲ್ಲಿ ಬಿಡ್ಜೋಸ್ ಇನ್ನೊಂದು ಹೆಜ್ಜೆ ಇಟ್ಟರು. ಸ್ಟ್ಯಾನ್‌ಫರ್ಡ್ ಪೇಟೆಂಟ್‌ಗಳನ್ನು (ಡಿಫಿ, ಹೆಲ್ಮನ್ ಮುಂತಾದವರ ವಿಧಾನಗಳವು) ಹಿಡಿದಿದ್ದ ಸೈಲಿಂಕ್ ಎಂಬ ಕಂಪನಿಯ ಜೊತೆ ಸೇರಿ ಪಬ್ಲಿಕ್ ಕೀ ಪಾರ್ಟ್‌ನರ್ಸ್ ಎಂಬ ಪಾಲುದಾರಿಕೆ ಕಟ್ಟಿದರು. ಸ್ಟ್ಯಾನ್‌ಫರ್ಡ್ ಪೇಟೆಂಟ್‌ಗಳ ಹಕ್ಕು ಸಾರ್ವಜನಿಕ ಕೀಲಿಯ ಕಲ್ಪನೆಗೇ ಹಬ್ಬಿದೆ ಎಂಬುದು ಪಾಲುದಾರರ ವಾದ. ಅಲ್ಲಿಗೆ ಅಮೆರಿಕದಲ್ಲಿ ಈ ವಿದ್ಯೆಯ ಯಾವ ಬಾಗಿಲು ತಟ್ಟಿದರೂ ಬಾಗಿಲು ತೆರೆಯುವವರು ಅವರೇ. ತಮಾಷೆಯೆಂದರೆ ಆ ಸಂಗ್ರಹದಲ್ಲಿದ್ದ ಮರ್ಕಲ್-ಹೆಲ್ಮನ್ ವಿಧಾನವನ್ನು 1982ರಲ್ಲೇ ಶಮೀರ್ ಒಡೆದುಹಾಕಿದ್ದರು. ಬೀಗ ಮುರಿದಿತ್ತು, ಅದರ ಪೇಟೆಂಟ್ ಮಾತ್ರ ಗಟ್ಟಿಯಾಗಿತ್ತು.

ಪಾಲುದಾರರು ಕೊನೆಗೆ ತಮ್ಮತಮ್ಮಲ್ಲೇ ಜಗಳವಾಡಿ 1995ರಲ್ಲಿ ಬೇರೆಯಾದರು. ಆದರೆ ಅಷ್ಟರೊಳಗೆ ಎರಡು ದೊಡ್ಡ ತಿಕ್ಕಾಟ ನಡೆದಿದ್ದವು.

ಒಂದು, ಫಿಲ್ ಜಿಮ್ಮರ್‌ಮನ್ ಅವರದು. ಕೊಲರಾಡೋದ ಈ ಶಾಂತಿ ಕಾರ್ಯಕರ್ತ-ಪ್ರೋಗ್ರಾಮರ್ 1991ರ ಜೂನ್‌ನಲ್ಲಿ ಪಿಜಿಪಿ ಎಂಬ ಇಮೇಲ್ ಗೂಢಲಿಪಿ ತಂತ್ರಾಂಶವನ್ನು ಪುಕ್ಕಟೆ ಹಂಚಿದರು. ಒಳಗಿದ್ದದ್ದು ಆರ್‌ಎಸ್‌ಎ, ಲೈಸೆನ್ಸ್ ಇರಲಿಲ್ಲ. ಸರ್ಕಾರ ಅವರ ಮೇಲೆ ರಫ್ತು ಕಾನೂನಿನ ತನಿಖೆ ಹೂಡಿದ ಸಂಗತಿ ಪ್ರಸಿದ್ಧ. 1996ರ ಜನವರಿಯಲ್ಲಿ ಅದು ಮೊಕದ್ದಮೆಯಿಲ್ಲದೆ ಮುಗಿಯಿತು. ಪೇಟೆಂಟ್ ಜಗಳ ಅಷ್ಟು ಪ್ರಸಿದ್ಧವಲ್ಲ, ಆದರೆ ಬಳಕೆದಾರರನ್ನು ಕಾಡಿದ್ದು ಹೆಚ್ಚಾಗಿ ಅದೇ. 1994ರಲ್ಲಿ ಎಂಐಟಿಯೇ ನಡುವೆ ಬಂದು, ವಾಣಿಜ್ಯೇತರ ಬಳಕೆಗೆ ಉಚಿತವಾಗಿದ್ದ ಆರ್‌ಎಸ್‌ಎಆರ್‌ಇಎಫ್ ಕೋಡನ್ನು ಒಳಗಿಟ್ಟು ಪಿಜಿಪಿ 2.6 ಹೊರತಂದಿತು. ಅದರಲ್ಲೊಂದು ಗಡುವು: ಆ ವರ್ಷದ ಸೆಪ್ಟೆಂಬರ್ 1ರ ನಂತರ ಹೊಸ ಆವೃತ್ತಿ ಬರೆದ ಸಂದೇಶವನ್ನು ಹಳೆಯ ಆವೃತ್ತಿಗಳು ಓದಲಾರವು. ಲೈಸೆನ್ಸಿಲ್ಲದ ಹಳೆಯ ಪ್ರತಿಗಳನ್ನು ಜನ ಎಸೆಯಲಿ ಎಂದು ಬೇಕೆಂದೇ ಹೂಡಿದ ಉಪಾಯ. ಅಮೆರಿಕದ ಹೊರಗಿನವರಿಗೆ ಆ ಕೋಡ್ ಬೇಕಿರಲಿಲ್ಲ, ಅವರದ್ದೇ ಬೇರೆ ಆವೃತ್ತಿ ಓಡಾಡಿತು. ಒಂದೇ ಕೆಲಸ ಮಾಡುವ ಎರಡು ತಂತ್ರಾಂಶ, ನಡುವೆ ಕಾನೂನಿನ ಗೆರೆ. ಸಾಲದ್ದಕ್ಕೆ ಪಿಜಿಪಿಯ ಒಳಗಿನ ಐಡಿಯಾ ಎಂಬ ಇನ್ನೊಂದು ವಿಧಾನ ಸ್ವಿಸ್ ಕಂಪನಿ ಆಸ್ಕಾಮ್‌ನ ಪೇಟೆಂಟ್. ವ್ಯಾಪಾರಕ್ಕೆ ಬಳಸಿದವರು ಅಲ್ಲಿಗೂ ಕಾಣಿಕೆ ಸಲ್ಲಿಸಬೇಕಿತ್ತು.

ಇನ್ನೊಂದು ತಿಕ್ಕಾಟ ಡಿಜಿಟಲ್ ಸಹಿಯದು. 1991ರ ಆಗಸ್ಟ್‌ನಲ್ಲಿ ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ ಡಿಎಸ್‌ಎ ಎಂಬ ಸಹಿ ವಿಧಾನ ಪ್ರಸ್ತಾಪಿಸಿತು, ರಾಯಲ್ಟಿ ಇಲ್ಲ ಎಂದಿತು. ಜರ್ಮನ್ ಗಣಿತಜ್ಞ ಕ್ಲಾಸ್ ಶ್ನೋರ್ ಅವರಿಗೆ ಅದೇ ವರ್ಷದ ಫೆಬ್ರವರಿಯಲ್ಲಿ ಸರಳವೂ ಚೊಕ್ಕವೂ ಆದ ಸಹಿ ವಿಧಾನಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತ್ತು. ಡಿಎಸ್‌ಎ ತನ್ನದರ ನೆರಳು ಎಂಬುದು ಅವರ ನಿಲುವು. 1993ರಲ್ಲಿ ಎನ್‌ಐಎಸ್‌ಟಿ ಜಗಳ ತೀರಿಸಲೆಂದು ಡಿಎಸ್‌ಎ ಹಕ್ಕನ್ನೇ ಪಬ್ಲಿಕ್ ಕೀ ಪಾರ್ಟ್‌ನರ್ಸ್‌ಗೆ ಒಪ್ಪಿಸಲು ಹೊರಟಿತು. ಜನರ ತೆರಿಗೆಯಲ್ಲಿ ರೂಪಿಸಿದ ಸಹಿಗೆ ಜನರೇ ಖಾಸಗಿಯವರಿಗೆ ಸುಂಕ ಕಟ್ಟಬೇಕೇ ಎಂಬ ಆಕ್ಷೇಪಗಳ ಮಳೆಯೇ ಸುರಿದು ಪ್ರಸ್ತಾವ ಬಿದ್ದುಹೋಯಿತು. 1994ರಲ್ಲಿ ಡಿಎಸ್‌ಎ ಉಚಿತ ಮಾನಕವಾಗಿಯೇ ಬಂತು.

ಶ್ನೋರ್ ಸಹಿಯ ಪಾಡು ಇಡೀ ಚರಿತ್ರೆಯ ಸಾರದಂತಿದೆ. ತಜ್ಞರ ಬಳಿ ಕೇಳಿದರೆ ಡಿಎಸ್‌ಎಗಿಂತ ಅದೇ ಚೆನ್ನ ಎನ್ನುವವರೇ ಹೆಚ್ಚು. ಆದರೂ ಪೇಟೆಂಟ್ ಇದ್ದಷ್ಟು ಕಾಲ ಅದನ್ನು ಮುಟ್ಟಿದವರು ವಿರಳ. 2008ರ ಫೆಬ್ರವರಿಯಲ್ಲಿ ಅವಧಿ ತೀರಿದಾಗ ಡಿಎಸ್‌ಎಯ ಸಂತತಿ ಆಗಲೇ ಎಲ್ಲೆಡೆ ಬೇರುಬಿಟ್ಟಿತ್ತು. ಮರುವರ್ಷ ಓಡಲಾರಂಭಿಸಿದ ಬಿಟ್‌ಕಾಯಿನ್ ಕೂಡ ಅದೇ ಕುಲದ ಇಸಿಡಿಎಸ್‌ಎ ಹಿಡಿಯಿತು. ಬಿಟ್‌ಕಾಯಿನ್‌ಗೆ ಶ್ನೋರ್ ಸಹಿ ಬಂದದ್ದು 2021ರ ನವೆಂಬರ್‌ನಲ್ಲಿ, ಪೇಟೆಂಟ್ ಸಿಕ್ಕ ಮೂವತ್ತು ವರ್ಷದ ಮೇಲೆ.

ಪೇಟೆಂಟೇ ಬೇಡ, ವ್ಯಾಪಾರದ ಗುಟ್ಟಾಗಿ ಇಡೋಣ ಎಂದವರ ಅನುಭವವೂ ಇದೆ. ರಿವೆಸ್ಟ್ 1987ರಲ್ಲಿ ರೂಪಿಸಿದ ಆರ್‌ಸಿ4 ಎಂಬ ಗೂಢಲಿಪಿ ವಿಧಾನವನ್ನು ಆರ್‌ಎಸ್‌ಎ ಕಂಪನಿ ಪ್ರಕಟಿಸದೆ ಮಾರಿತು. 1994ರ ಸೆಪ್ಟೆಂಬರ್‌ನಲ್ಲಿ ಯಾರೋ ಅದರ ಕೋಡನ್ನು ಹೆಸರು ಹೇಳದೆ ಇಂಟರ್‌ನೆಟ್ಟಿಗೆ ಚೆಲ್ಲಿದರು. ಹೊರಬಿದ್ದ ಗುಟ್ಟನ್ನು ಮರಳಿ ಡಬ್ಬಿಗೆ ತುಂಬುವ ಕಾನೂನಿಲ್ಲ. ಉಳಿದದ್ದು ಹೆಸರಿನ ಮೇಲಿನ ಹಕ್ಕು ಮಾತ್ರ. ಹಾಗಾಗಿ ಉಳಿದವರು ಅದಕ್ಕೆ ‘ಆರ್ಕ್‌ಫೋರ್’ ಎಂದು ನಾಮಕರಣ ಮಾಡಿ ನಿಶ್ಚಿಂತೆಯಿಂದ ಬಳಸಿದರು.

1997ರಲ್ಲಿ ಡಿಫಿ-ಹೆಲ್ಮನ್ ಪೇಟೆಂಟ್ ಅವಧಿ ಮುಗಿಯಿತು. ಆರ್‌ಎಸ್‌ಎಗೆ ಇನ್ನೂ ಮೂರು ವರ್ಷ ಬಾಕಿ. ಆ ಮೂರು ವರ್ಷದ ಅವಸ್ಥೆ 1999ರ ಜನವರಿಯಲ್ಲಿ ಹೊರಬಂದ ಟಿಎಲ್‌ಎಸ್ 1.0 ಮಾನಕದಲ್ಲಿ ಅಚ್ಚಾಗಿದೆ. ಬ್ರೌಸರ್‌ನ ಬೀಗದ ಚಿಹ್ನೆಯ ಹಿಂದಿರುವ ಒಡಂಬಡಿಕೆ ಅದು. ಎಲ್ಲರೂ ಅಳವಡಿಸಲೇಬೇಕೆಂದು ಅದು ಹೇಳಿದ ಜೋಡಣೆ ಡಿಫಿ-ಹೆಲ್ಮನ್, ಡಿಎಸ್‌ಎ, ಮೂರು ಪಟ್ಟಿನ ಡಿಇಎಸ್: ಮೂರೂ ಸುಂಕಮುಕ್ತ. ಜಗತ್ತು ನಿಜವಾಗಿ ಬಳಸುತ್ತಿದ್ದದ್ದು ಆರ್‌ಎಸ್‌ಎ. ಶಾಸ್ತ್ರ ಒಂದು, ಆಚಾರ ಇನ್ನೊಂದು. ಜರ್ಮನಿಯ ವರ್ನರ್ ಕೋಖ್ ಅದೇ ವರ್ಷ ಪೂರ್ಣಗೊಳಿಸಿದ, ಪಿಜಿಪಿಯ ಮುಕ್ತ ಪರ್ಯಾಯವಾದ ಜಿಎನ್‌ಯುಪಿಜಿ ಕೂಡ ಆರ್‌ಎಸ್‌ಎ, ಐಡಿಯಾ ಎರಡನ್ನೂ ಬಿಟ್ಟು ಎಲ್‌ಗಮಾಲ್ ಮತ್ತು ಡಿಎಸ್‌ಎ ಮೇಲೆ ನಿಂತಿತ್ತು.

ಇಷ್ಟೆಲ್ಲ ಕಂಡಿದ್ದ ಎನ್‌ಐಎಸ್‌ಟಿ ಡಿಇಎಸ್‌ಗೆ ಉತ್ತರಾಧಿಕಾರಿ ಹುಡುಕಲು 1997ರಲ್ಲಿ ಬಹಿರಂಗ ಸ್ಪರ್ಧೆ ಕರೆದಾಗ ಷರತ್ತನ್ನು ಮೊದಲೇ ಹಾಕಿತು: ಗೆದ್ದ ವಿಧಾನ ಜಗತ್ತಿಗೆಲ್ಲ ಉಚಿತವಾಗಿರಬೇಕು. ಐಬಿಎಂ ಬಂತು, ಆರ್‌ಎಸ್‌ಎ ಕಂಪನಿಯೂ ಬಂತು. ಗೆದ್ದವರು ಬೆಲ್ಜಿಯಂನ ಯೋನ್ ಡಾಮೆನ್ ಮತ್ತು ವಿನ್ಸೆಂಟ್ ರೈಮನ್. 2001ರ ನವೆಂಬರ್‌ನಲ್ಲಿ ಎಇಎಸ್ ಎಂಬ ಹೆಸರಿನಲ್ಲಿ ಮಾನಕವಾದ ಅವರ ವಿಧಾನ ಇಂದು ವೈಫೈ ರೂಟರ್‌ನಿಂದ ವಾಟ್ಸ್‌ಆ್ಯಪ್‌ವರೆಗೆ ಹಬ್ಬಿದೆ. ಹಕ್ಕು ಬಿಟ್ಟುಕೊಟ್ಟೂ ಹೆಸರು ಗಳಿಸಬಹುದು ಎಂದು ಒಂದು ಇಡೀ ಪೀಳಿಗೆ ಕಲಿತದ್ದು ಈ ಸ್ಪರ್ಧೆಯಿಂದ.

ಕಲಿಯದವರೂ ಇದ್ದರು, ಅಥವಾ ಬೇರೆ ಕಾರಣವಿದ್ದವರು. ಕ್ಯಾಲಿಫೋರ್ನಿಯಾದ ಫಿಲಿಪ್ ರೊಗವೇ 2001ರಲ್ಲಿ ಓಸಿಬಿ ಎಂಬ ಅತಿ ವೇಗದ ವಿಧಾನ ಪ್ರಕಟಿಸಿದರು. ಪೇಟೆಂಟ್‌ಗೂ ಅರ್ಜಿ ಹಾಕಿದರು. ಅದೇ ಹೊಲದಲ್ಲಿ ಐಬಿಎಂ ಸೇರಿ ಇನ್ನಿಬ್ಬರ ಹಕ್ಕಿನ ಬೇಲಿಗಳೂ ಇದ್ದವು. ವೈಫೈ ಭದ್ರತೆಯ ಹೊಸ ಮಾನಕಕ್ಕೆ ಮೊದಲು ಓಸಿಬಿಯನ್ನೇ ಆರಿಸಿದ್ದ ಎಂಜಿನಿಯರುಗಳು ಮೂವರ ಜೊತೆ ಮಾತುಕತೆ ಯಾರಿಗೆ ಬೇಕೆಂದು ಸಿಸಿಎಂ ಎಂಬ ನಿಧಾನದ, ಆದರೆ ನಿರಾತಂಕದ ವಿಧಾನ ಹೆಣೆದರು. ಕೋಟ್ಯಂತರ ರೂಟರ್‌ಗಳಿಗೆ ಅದೇ ಇಳಿಯಿತು. ರೊಗವೇ ದುರಾಸೆಯವರಲ್ಲ: ಮುಕ್ತ ತಂತ್ರಾಂಶಕ್ಕೆ ಲೈಸೆನ್ಸ್ ಉಚಿತ ಎಂದರು, ಸೇನಾ ಬಳಕೆಗೆ ಮಾತ್ರ ಇಲ್ಲವೆಂಬ ಷರತ್ತೂ ಇಟ್ಟರು. ಉಪಯೋಗವಾಗಲಿಲ್ಲ. 2021ರಲ್ಲಿ ಪೇಟೆಂಟ್‌ಗಳನ್ನೇ ಕೈಬಿಟ್ಟರು, ಅಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು.

ಲೈಸೆನ್ಸ್‌ನಿಂದ ಹಣ ಬಂದದ್ದೇ ಇಲ್ಲವೆಂದಲ್ಲ. ದೀರ್ಘವೃತ್ತೀಯ ವಕ್ರರೇಖೆಗಳ ಗೂಢಲಿಪಿಯನ್ನು 1985ರಲ್ಲಿ ನೀಲ್ ಕೋಬ್ಲಿಟ್ಜ್ ಮತ್ತು ವಿಕ್ಟರ್ ಮಿಲ್ಲರ್ ಬೇರೆಬೇರೆಯಾಗಿ ಸೂಚಿಸಿದರು. ಮೂಲ ಕಲ್ಪನೆಗೆ ಇಬ್ಬರೂ ಪೇಟೆಂಟ್ ಪಡೆಯಲಿಲ್ಲ. ಅದನ್ನು ವೇಗವಾಗಿ, ಚಿಕ್ಕದಾಗಿ ನಡೆಸುವ ನೂರಕ್ಕೂ ಹೆಚ್ಚು ಕಿರುದಾರಿಗಳಿಗೆ ಕೆನಡಾದ ಸರ್ಟಿಕಾಮ್ ಪೇಟೆಂಟ್ ಮಾಡಿಸಿಕೊಂಡಿತು. 2003ರಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯೇ ಅವುಗಳಲ್ಲಿ 26ಕ್ಕೆ 2.5 ಕೋಟಿ ಡಾಲರ್ ಕೊಟ್ಟಿತು. 2007ರಲ್ಲಿ ಸರ್ಟಿಕಾಮ್ ಸೋನಿಯನ್ನು ಕೋರ್ಟಿಗೆಳೆಯಿತು, 2009ರಲ್ಲಿ ಬ್ಲ್ಯಾಕ್‌ಬೆರಿ ತಯಾರಕ ರಿಮ್ ಸರ್ಟಿಕಾಮನ್ನೇ ಕೊಂಡುಕೊಂಡಿತು. ಆದರೆ ಯಾವ ಹೆಜ್ಜೆಗೆ ಯಾರ ಹಕ್ಕಿದೆಯೋ ಎಂಬ ಅಳುಕಿನಿಂದ ಹಲವರು ಈ ತಂತ್ರದಿಂದಲೇ ವರ್ಷಗಟ್ಟಲೆ ದೂರ ಉಳಿದರು. ಇಲ್ಲಿ ಪೇಟೆಂಟ್‌ಗಿಂತ ಪೇಟೆಂಟಿನ ಗುಮ್ಮವೇ ಹೆಚ್ಚು ಕೆಲಸ ಮಾಡಿತು.

ಆ ಗುಮ್ಮನನ್ನೇ ಕಸುಬು ಮಾಡಿಕೊಂಡವರೂ ಬಂದರು. ಟಿಕ್ಯುಪಿ ಡೆವಲಪ್‌ಮೆಂಟ್ ಎಂಬ ಸಂಸ್ಥೆ ಯಾವ ಸರಕನ್ನೂ ತಯಾರಿಸುತ್ತಿರಲಿಲ್ಲ. ಮೊಡೆಮ್ ಕಾಲದ ಒಂದು ಪೇಟೆಂಟ್ ಹಿಡಿದು, ವೆಬ್‌ಸೈಟ್‌ಗಳಲ್ಲಿ ಎಸ್‌ಎಸ್‌ಎಲ್ (ಟಿಎಲ್‌ಎಸ್‌ನ ಹಿಂದಿನ ರೂಪ) ಜೊತೆ ಆರ್‌ಸಿ4 ಬಳಸುವುದೇ ಉಲ್ಲಂಘನೆ ಎಂದು ನೂರಕ್ಕೂ ಹೆಚ್ಚು ಕಂಪನಿಗಳ ಮೇಲೆ ದಾವೆ ಹೂಡಿತು. ವಕೀಲರ ಖರ್ಚಿಗಿಂತ ರಾಜಿಯೇ ಅಗ್ಗ ಎಂದು ಬಹಳ ಮಂದಿ ಕೊಟ್ಟು ಕೈತೊಳೆದುಕೊಂಡರು. ನ್ಯೂಎಗ್ ಎಂಬ ಆನ್‌ಲೈನ್ ಅಂಗಡಿ ಮಾತ್ರ 2013ರ ನವೆಂಬರ್‌ನಲ್ಲಿ ಟೆಕ್ಸಸ್‌ನ ಮಾರ್ಷಲ್ ಪಟ್ಟಣದ ಕೋರ್ಟಿನಲ್ಲಿ ಸೆಣಸಿತು. ಅಂಗಡಿಯ ಪರ ಸಾಕ್ಷಿ ಕಟ್ಟೆ ಏರಿದವರು ಸಾಕ್ಷಾತ್ ವಿಟ್‌ಫೀಲ್ಡ್ ಡಿಫಿ. ಸಾರ್ವಜನಿಕ ಕೀಲಿಯ ಜನಕನೇ ಬಂದು ಹೇಳಿದರೂ ಜ್ಯೂರಿ ಒಪ್ಪಲಿಲ್ಲ; 23 ಲಕ್ಷ ಡಾಲರ್ ಪರಿಹಾರ ಕೊಡಲು ಹೇಳಿತು. 2015ರಲ್ಲಿ ನ್ಯಾಯಾಧೀಶರು ಆ ನಿರ್ಣಯವನ್ನು ತಳ್ಳಿಹಾಕಿದರು.

ಭಾರತದ ಕಾನೂನು ಈ ವಿಷಯದಲ್ಲಿ ಮೊದಲಿಂದ ಬಿಗಿ. ಗಣಿತ ವಿಧಾನ, ಕಂಪ್ಯೂಟರ್ ಪ್ರೋಗ್ರಾಂ ಮಾತ್ರವಾದದ್ದು, ಅಲ್ಗಾರಿದಮ್ ಇವು ಆವಿಷ್ಕಾರವಲ್ಲ ಎನ್ನುತ್ತದೆ 2002ರ ತಿದ್ದುಪಡಿಯಲ್ಲಿ ಸೇರಿದ 3(ಕೆ) ಕಲಂ. 2004ರ ಸುಗ್ರೀವಾಜ್ಞೆ ಅದನ್ನು ಸಡಿಲಿಸಲು ನೋಡಿತು, ಮರುವರ್ಷ ಸಂಸತ್ತು ಆ ಸಡಿಲಿಕೆಯನ್ನು ಕಿತ್ತುಹಾಕಿತು. 2019ರ ಫರೀದ್ ಅಲ್ಲಾನಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್, ತಾಂತ್ರಿಕ ಪರಿಣಾಮ ತೋರಿಸಿದರೆ ಬಾಗಿಲು ಪೂರ್ತಿ ಮುಚ್ಚಿಲ್ಲ ಎಂದಿದೆ. ಎಂಐಟಿ ವಕೀಲರ ಯಂತ್ರದ ಅಂಗಿ ಇಲ್ಲಿಯೂ ಹೊಲಿಸಬಹುದು ಎಂದರ್ಥ. 1990ರ ದಶಕದಲ್ಲಿ ಬೆಂಗಳೂರಿನ ಎಂಜಿನಿಯರ್ ಒಬ್ಬರು ಆರ್‌ಎಸ್‌ಎ ಕೋಡ್ ಬರೆದು ಇಲ್ಲೇ ಮಾರಿದ್ದರೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅದೇ ಸರಕು ಅಮೆರಿಕದ ಗಿರಾಕಿಗೆ ಹೋದರೆ ಲೈಸೆನ್ಸ್ ಬೇಕಿತ್ತು. ಡಿಜಿಟಲ್ ಸಹಿಗೆ ಮಾನ್ಯತೆ ಕೊಟ್ಟ ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದದ್ದು 2000ದ ಅಕ್ಟೋಬರ್ 17ರಂದು, ಆರ್‌ಎಸ್‌ಎ ಬಿಡುಗಡೆಯಾದ ಮರುತಿಂಗಳು. ಲೆಕ್ಕಪರಿಶೋಧಕರ ಮೇಜಿನ ಮೇಲಿನ ಡಿಜಿಟಲ್ ಸಹಿಯ ಡಿಎಸ್‌ಸಿ ಟೋಕನ್‌ಗೆ ಆ ಗಣಿತದ ಬಾಬ್ತು ಯಾವ ರಾಯಲ್ಟಿಯೂ ಅಂಟಿಲ್ಲ.

ಈಗ ಎಲ್ಲ ಮತ್ತೆ ಮೊದಲಾಗಿದೆ. ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಬಂದ ದಿನ ಆರ್‌ಎಸ್‌ಎಯೂ ವಕ್ರರೇಖೆಗಳೂ ಉದುರುತ್ತವೆ. ಅದಕ್ಕೆ ಮುಂಚೆ ಹೊಸ ಬೀಗ ಬೇಕು. ಎನ್‌ಐಎಸ್‌ಟಿ 2016ರಲ್ಲಿ ಮತ್ತೆ ಸ್ಪರ್ಧೆ ಕರೆದು, 2022ರ ಜುಲೈನಲ್ಲಿ ಕೈಬರ್ ಎಂಬ ವಿಧಾನವನ್ನು ಆರಿಸಿತು. ಕೈಬರ್ ತಂಡ ಪೇಟೆಂಟ್ ಕೇಳಲಿಲ್ಲ, ಆದರೆ ಹೊರಗಿನವರ ಎರಡು ಪೇಟೆಂಟ್ ಅದರ ಮೇಲೆ ತೂಗುತ್ತಿದ್ದವು: ಒಂದು ಜಿಂಟಾಯ್ ಡಿಂಗ್ ಅವರದು, ಇನ್ನೊಂದು ಫ್ರಾನ್ಸಿನ ಸಂಶೋಧಕರದು. ವರ್ಷಾಂತ್ಯದೊಳಗೆ ಅವರ ಜೊತೆ ಒಪ್ಪಂದಕ್ಕೆ ಸಹಿ ಬೀಳದಿದ್ದರೆ ಕೈಬರ್ ಬದಲು ಎನ್‌ಟಿಆರ್‌ಯು ಆರಿಸುವ ಯೋಚನೆ ಮಾಡಬೇಕಾದೀತು ಎಂದು ಎನ್‌ಐಎಸ್‌ಟಿ ತನ್ನ ವರದಿಯಲ್ಲೇ ಬರೆಯಿತು. ಎನ್‌ಟಿಆರ್‌ಯು 1996ರಲ್ಲೇ ಹುಟ್ಟಿ, ಪೇಟೆಂಟಿನ ನೆರಳಲ್ಲಿ ಇಪ್ಪತ್ತು ವರ್ಷ ಕಳೆದು, ತಡವಾಗಿ ಬಿಡುಗಡೆಯಾಗಿದ್ದ ವಿಧಾನ.

ಒಪ್ಪಂದಗಳು ಆದವು, 2024ರ ಆಗಸ್ಟ್ 13ರಂದು ಕೈಬರ್ ಎಂಎಲ್-ಕೆಇಎಂ ಎಂಬ ಹೆಸರಿನಲ್ಲಿ ಮಾನಕವಾಯಿತು. ಆದರೆ ಆ ಒಪ್ಪಂದಗಳ ರಕ್ಷಣೆ ಎನ್‌ಐಎಸ್‌ಟಿ ಪ್ರಕಟಿಸಿದ ರೂಪಕ್ಕಷ್ಟೇ ಅನ್ವಯ. ಅದನ್ನು ತಿದ್ದಿ, ಬದಲಿಸಿ ತಮ್ಮದೇ ಆವೃತ್ತಿ ಮಾಡಿಕೊಳ್ಳುವವರು ವಕೀಲರನ್ನು ಕಾಣಬೇಕು.